ಗ್ರಹಣಕ್ಕೆ ಕತ್ತರಿಸಿದ ಸ್ಕ್ಯಾನು

"ಹಳೇ ಸ್ಕ್ಯಾನ್ ಫಿಲ್ಮ್ ಎಲ್ಲಿ?" ಎಂದು ಹಾಸನದ ಆಸ್ಪತ್ರೆಯಲ್ಲಿ ಡಾಕ್ಟರ್ ಮಧುಶ್ರೀ ಕೇಳಿದಾಗ ದ್ರಾಕ್ಷಾಯಣಿ ಪಕ್ಕಕ್ಕೆ ತಿರುಗಿ ರುದ್ರಯ್ಯನನ್ನು ನೋಡಿದಳು. ರುದ್ರಯ್ಯ ಮೇಲಿದ್ದ ಫ್ಯಾನು ನೋಡಿದ.

ಆ ನೋಟದ ಪರಿಚಯ ಅವಳಿಗೆ ಚೆನ್ನಾಗಿತ್ತು. ವನಗೂರಿನ ಈ ಜೀಪ್ ಡ್ರೈವರು ತಪ್ಪು ಮಾಡಿದಾಗ ಮೇಲೆ ನೋಡುತ್ತಿದ್ದ. ಮನಸ್ಸಿನಲ್ಲಿರುವುದನ್ನು ಹೇಳಲಾಗದಿದ್ದಾಗಲೂ ಮೇಲೆಯೇ ನೋಡುತ್ತಿದ್ದ. ನಾಲ್ಕು ವರ್ಷದಿಂದ ಬೆಳಗೋಡಿನ ಅವಳ ಹೊಲಿಗೆ ಅಂಗಡಿಗೆ ಬರುತ್ತಾನೆ, ಹರಿಯದ ಅಂಗಿಗೆ ಹೊಲಿಗೆ ಹಾಕಿಸುತ್ತಾನೆ, ಸೂರು ನೋಡಿ ಹೋಗುತ್ತಾನೆ. ಅವನಿಗೆ ನಲವತ್ತೆಂಟು, ಅವಳಿಗೆ ನಲವತ್ತನಾಲ್ಕು. ಹೇಳುವುದಿದ್ದರೆ ಇನ್ನು ಯಾವ ಕಾಲಕ್ಕೆ?

ಡಾಕ್ಟರು ಹೊಸ ಸ್ಕ್ಯಾನನ್ನು ಕಂಪ್ಯೂಟರಿನಲ್ಲಿ ತೋರಿಸಿದರು. ಕಪ್ಪು ಶ್ವಾಸಕೋಶದ ತಳದಲ್ಲಿ, ಎಡಕ್ಕೂ ಬಲಕ್ಕೂ, ಗಾಜಿನ ಮೇಲೆ ಯಾರೋ ಉಸಿರು ಬಿಟ್ಟಂತೆ ಮಂಜು ಕವಿದಿತ್ತು.

"ಎರಡರಲ್ಲಿ ಒಂದು. ವೈರಸ್ ಬಂದು ಹೋದ ಕಲೆ ಇರಬಹುದು, ಹೋದ ತಿಂಗಳು ಜ್ವರ ಬಂದಿತ್ತಲ್ಲ. ಇಲ್ಲಾ, ಮೈ ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು ನಿಮ್ಮ ಶ್ವಾಸಕೋಶದ ಮೇಲೆ ಹೋಗಿರಬಹುದು. ಚಳೀಲಿ ಬೆರಳು ಬೆಳ್ಳಗಾಗುತ್ತೆ ಅಂದ್ರಿ, ಅದಕ್ಕೆ ನಂಗೆ ಎರಡನೇದರ ಅನುಮಾನ. ಆದರೆ ರಕ್ತದ ರಿಪೋರ್ಟು ಹೌದು ಅಂತಲೂ ಹೇಳ್ತಿಲ್ಲ, ಇಲ್ಲ ಅಂತಲೂ ಹೇಳ್ತಿಲ್ಲ."

"ಯಾವುದಾದರೆ ಏನು ಡಾಕ್ಟ್ರೇ?"

"ವೈರಸ್ಸಾದರೆ ಕಾಯಬೇಕು, ನಿಧಾನಕ್ಕೆ ತಿಳಿಯಾಗುತ್ತೆ. ಆಗ ಮೈಯ ಶಕ್ತಿ ತಗ್ಗಿಸೋ ಮಾತ್ರೆ ಕೊಟ್ಟರೆ ತೊಂದರೆ. ಇನ್ನೊಂದಾದರೆ ಅದೇ ಮಾತ್ರೆ ಬೇಗ ಶುರುವಾಗಬೇಕು, ಕಾದಷ್ಟೂ ಶ್ವಾಸಕೋಶ ಗಟ್ಟಿಯಾಗುತ್ತೆ. ನಾಲ್ಕು ವರ್ಷದ ಹಿಂದೆಯೂ ಇದೇ ಜಾಗದಲ್ಲಿ ಈ ಮಂಜು ಇತ್ತಾ ಅಂತ ಗೊತ್ತಾದರೆ ನಂಗೆ ಧೈರ್ಯ ಬರುತ್ತೆ."

ಕೊರೊನಾ ವರ್ಷ ಅವಳಿಗೆ ಉಬ್ಬಸ ಬಂದಿತ್ತು. ಟೆಸ್ಟಿನಲ್ಲಿ ಏನೂ ಇಲ್ಲವೆಂದು ಬಂದರೂ ಸ್ಕ್ಯಾನು ನೋಡಿದವರು ಕೊರೊನಾವೇ ಎಂದಿದ್ದರು. ಬೇರೆ ಗಾಡಿಯವರೆಲ್ಲ ಬಾಗಿಲು ಹಾಕಿಕೊಂಡ ದಿನ ಕರೆದೊಯ್ದವನು ರುದ್ರಯ್ಯ. ಸ್ಕ್ಯಾನು ಮಾಡಿದ ಸೆಂಟರು ಈಗ ಮುಚ್ಚಿದೆ. ಫಿಲ್ಮು ಜೀಪಿನಲ್ಲೇ ಉಳಿದಿತ್ತು. ಕೇಳಿದಾಗಲೆಲ್ಲ ಅವನದು ಒಂದೇ ಉತ್ತರ, "ಭದ್ರವಾಗೈತೆ."

ಹೊರಗೆ ಜೀಪಿನ ಹತ್ತಿರ ಅವಳು ನಿಂತಳು. "ಹೇಳಿ. ಎಲ್ಲಿ?"

"ಗ್ರಹಣ ಬಂದಿತ್ತಲ್ಲ, ದೀಪಾವಳಿ ಟೈಮಲ್ಲಿ."

"ಬಂದಿತ್ತು."

"ಎಸ್ಟೇಟ್ ಲೈನಿನೋರೆಲ್ಲ ನೋಡ್ಬೇಕು ಅಂದ್ರು. ಬರಿಗಣ್ಣಲ್ಲಿ ನೋಡ್ಬಾರ್ದಂತೆ. ಅದ್ಕೆ..."

"ಅದ್ಕೆ?"

"ಕತ್ರಿಸ್ಬುಟ್ಟೆ."

ಅವಳು ಜೀಪಿನ ಬಾನೆಟ್ಟಿಗೆ ಒರಗಿದಳು. "ನನ್ನ ಶ್ವಾಸಕೋಶನ?"

"ಹನ್ನೆರಡು ಪೀಸು. ಮನೆಗೊಂದು ಬಂತು."

"ಹೋಗ್ಲಿ, ಗ್ರಹಣ ಚೆನ್ನಾಗಿ ಕಾಣ್ತಾ?"

"ಮೋಡ ಕಣ್ರೀ. ಏನೂ ಕಾಣ್ಲಿಲ್ಲ."

ನಗು ಬಂದರೆ ಕೆಮ್ಮು ಬರುತ್ತದೆಂದು ಅವಳು ಸಿಟ್ಟನ್ನೇ ಹಿಡಿದುಕೊಂಡಳು. ರುದ್ರಯ್ಯ ಸ್ಟಿಯರಿಂಗಿನ ಮೇಲ್ಗಡೆ ಸಿಕ್ಕಿಸಿದ್ದ ಪ್ಲಾಸ್ಟಿಕ್ ಕವರಿನಿಂದ ಬೆರಳಗಲದ ಒಂದು ಕಪ್ಪು ಪಟ್ಟಿ ತೆಗೆದು ಕೊಟ್ಟ. ಇಂಗ್ಲಿಷ್ ಅಕ್ಷರದಲ್ಲಿ ಅವಳ ಹೆಸರು, ವಯಸ್ಸು, ತಾರೀಕು. ಶ್ವಾಸಕೋಶದ ಚೂರೂ ಅದರಲ್ಲಿ ಇರಲಿಲ್ಲ.

"ಬೇಕಾದ್ದನ್ನೆಲ್ಲ ಊರಿಗೆ ಹಂಚಿ, ಹೆಸರು ಮಾತ್ರ ಇಟ್ಕೊಂಡಿದೀರಾ?"

"ಅದೊಂದು ಕೊಡಕ್ಕೆ ಮನಸಾಗ್ಲಿಲ್ಲ," ಎಂದು ಅವನು ಆಕಾಶಕ್ಕೆ ಹೇಳಿದ.

ಅವಳ ಕಿವಿ ಬಿಸಿಯಾಯಿತು. ಇಂಥ ಮನುಷ್ಯನ ಮೇಲೆ ನೆಮ್ಮದಿಯಾಗಿ ಸಿಟ್ಟು ಮಾಡಿಕೊಳ್ಳುವುದಕ್ಕೂ ಆಗುವುದಿಲ್ಲವಲ್ಲ ಎಂದು ಇನ್ನಷ್ಟು ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಇಬ್ಬರೂ ವನಗೂರಿನ ಕಾಫಿ ಎಸ್ಟೇಟಿನಲ್ಲಿ ಕೂಲಿಯವರಿರುವ ಲೈನ್ ಮನೆಗಳಿಗೆ ಹೋದರು. ಜೀಪು ನಿಂತಲ್ಲಿಂದ ಏರು ದಾರಿ. ಹತ್ತು ಹೆಜ್ಜೆಗೆ ಅವಳಿಗೆ ಏದುಸಿರು. ಅವನು ಮುಂದೆ ಮುಂದೆ ಹೋಗುತ್ತಿದ್ದವನು ನಿಂತು ಮಂಡಿ ಹಿಡಿದುಕೊಂಡ.

"ಮಂಡಿನೋವು ಕಣ್ರೀ. ಸ್ವಲ್ಪ ನಿಲ್ಲಾನ."

"ಆಗ ಎಡಗಾಲು ಹಿಡ್ಕೊಂಡ್ರಿ. ಈಗ ಬಲಗಾಲು."

"ಎರಡೂ ಕಾಲು ನಂದೇ ಅಲ್ವಾ?"

ಕಾಫಿ ಗಿಡಗಳ ನಡುವೆ ಅವರು ಹೀಗೆ ಐದು ಸಲ ನಿಂತರು. ಪ್ರತಿ ಸಲವೂ ಅವನು ಅವಳ ಉಸಿರು ಇಳಿಯುವವರೆಗೆ ಮಂಡಿ ಉಜ್ಜಿದ. ಅವಳು ಕಣ್ಣಂಚಿನಲ್ಲಿ ಆ ಕೈಯನ್ನೇ ನೋಡಿದಳು. ಮಂಡಿಗೆ ಇರುವ ಪುಣ್ಯ ಎಂದುಕೊಂಡಳು.

ಮೊದಲ ಮನೆಯ ಕೆಂಚಯ್ಯ ತನ್ನ ಚೂರನ್ನು ಬಿಸಿನೀರಿನಲ್ಲಿ ತಿಕ್ಕಿ ಕಪ್ಪೆಲ್ಲ ತೆಗೆದು, ದೇವರ ಪಟಕ್ಕೆ ಗಾಜಿನ ಬದಲು ಹಾಕಿದ್ದ. ನಂಜುಂಡನದು ಎಲ್ಲೋ ಹೋಗಿತ್ತು. ಮೂರು ಚೂರು ಸಿಕ್ಕವು, ಮೂರೂ ಶ್ವಾಸಕೋಶದ ಮೇಲ್ಭಾಗದವು. ಬೇಕಿದ್ದುದು ತಳದ ಸಾಲು.

ಕೊನೆಗೆ ಭದ್ರಮ್ಮನ ಬಚ್ಚಲುಮನೆಯ ಒಡೆದ ಕಿಟಕಿಯಲ್ಲಿ ಅದು ಕಂಡಿತು. ಎರಡು ಚೂರು, ಅವಳದೂ ಪಕ್ಕದ ಮನೆಯದೂ, ಗಮ್ ಟೇಪಿನಲ್ಲಿ ಅಂಟಿಸಿದ್ದು.

"ಇದು ನಿನ್ ಎದೆನಾ ತಾಯಿ?" ಭದ್ರಮ್ಮ ಬೆರಗಾದಳು. "ಇಷ್ಟ್ ವರ್ಷ ಇದನ್ನ ನೋಡ್ಕಂಡೇ ನೀರು ಹುಯ್ಕಂಡಿದೀನಿ. ಕುಂಬಳಕಾಯಿ ಹೋಳು ಅಂದ್ಕಂಡಿದ್ದೆ." ಆಮೇಲೆ ರುದ್ರಯ್ಯನ ಕಡೆ ತಿರುಗಿದಳು. "ಎಲ್ರೂ ಹುಡ್ಗೀಗೆ ಹೃದಯ ಕೊಡ್ತಾರೆ. ನೀನು ಅವ್ಳ ಎದೆ ತಂದು ನನ್ ಬಚ್ಚಲಿಗೆ ಕೊಟ್ಟಿದೀಯಲ್ಲೋ."

ರುದ್ರಯ್ಯ ಹೆಂಚು ನೋಡಿದ.

ದ್ರಾಕ್ಷಾಯಣಿ ಟೇಪನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿದಳು. ಎರಡು ಸಲ ಅಂಚು ಜಾರಿತು. ಹಿಂದಿನ ದಿನದಿಂದ ಒಳಗೇ ಇಟ್ಟುಕೊಂಡಿದ್ದ ಹೆದರಿಕೆ ಈಗ ಬೆರಳಿಗೆ ಬಂದಿತ್ತು. ಅವನು ಏನೂ ಕೇಳದೆ ಚೂರಿನ ಇನ್ನೊಂದು ಅಂಚು ಹಿಡಿದುಕೊಂಡ. ಅಷ್ಟು ಹೊತ್ತು ಇಬ್ಬರ ಬೆರಳೂ ತಾಗಿಕೊಂಡೇ ಇದ್ದವು. ಇಬ್ಬರೂ ಅದನ್ನು ಗಮನಿಸದವರಂತೆ ನಿಂತರು.

ಮಧ್ಯಾಹ್ನ ಹಾಸನದಲ್ಲಿ ಡಾಕ್ಟರು ಲೈಟಿನ ಪೆಟ್ಟಿಗೆ ಹಚ್ಚಿದರು. ಕತ್ತರಿ ಓಡಿಸಿದ ಕೈ ರುದ್ರಯ್ಯನದು, ಅಂಚೆಲ್ಲ ವಕ್ರ. ಹೊಲಿಗೆಯ ಕೈ ದ್ರಾಕ್ಷಾಯಣಿಯದು. ತುಂಡು ಬಟ್ಟೆ ಕೂಡಿಸುವಂತೆ ಅವಳು ಅಂಚಿಗೆ ಅಂಚು ಹೊಂದಿಸಿದಳು. ಮೇಲೆ ಹೆಸರಿನ ಪಟ್ಟಿಯೂ ವಕ್ರಕ್ಕೆ ವಕ್ರ ಸರಿಯಾಗಿ ಕೂತಿತು.

"ನಿಮ್ಮದೇ, ಅನುಮಾನ ಇಲ್ಲ," ಎಂದರು ಡಾಕ್ಟರು. ಹೊಸದನ್ನೂ ಹಳೆಯದನ್ನೂ ಬಹಳ ಹೊತ್ತು ನೋಡಿದರು. "ಅದೇ ಜಾಗ. ಎರಡೂ ಕಡೆ. ಆಗ ಕಾಸಿನಗಲ, ಈಗ ಅಂಗೈಯಗಲ. ವೈರಸ್ಸಿನ ಕಲೆ ಸಾಮಾನ್ಯವಾಗಿ ಹೀಗೆ ನಾಲ್ಕು ವರ್ಷ ಕೂತು ಬೆಳೆಯಲ್ಲ. ಬೆರಳು ಬೇರೆ ಬೆಳ್ಳಗಾಗುತ್ತೆ. ಇದು ಅಂಟುವ ಕಾಯಿಲೆ ಅಲ್ಲ ತಾಯಿ, ನಿಮ್ಮ ಮೈಯದೇ ಜಗಳ. ಇವತ್ತೇ ಮಾತ್ರೆ ಶುರು ಮಾಡೋಣ."

"ಎಷ್ಟು ದಿನ?"

"ವರ್ಷಗಟ್ಟಲೆ. ಪೂರ್ತಿ ಹೋಗುತ್ತೆ ಅನ್ನಲ್ಲ, ಹಿಡಿತಕ್ಕೆ ತರಬಹುದು. ಮೊದಮೊದಲು ಮುಖ ಊದಬಹುದು."

ದ್ರಾಕ್ಷಾಯಣಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು. "ಕೇಳಿದ್ರಾ ರುದ್ರಯ್ಯನೋರೆ? ಇದು ಮುಗಿಯೋ ಕಾಯಿಲೆ ಅಲ್ಲ. ನೀವಿನ್ನು ಅಂಗಿ ಹೊಲಿಸೋಕೆ ಬೇರೆ ಅಂಗಡಿ ನೋಡ್ಕೊಳ್ಳಿ."

"ಮುಖ ಊದ್ಕಂಡ್ರೆ ಊದ್ಕಳ್ಳಿ," ಎಂದ ಅವನು. "ನನ್ನ ಕಂಡ್ರೆ ಈಗ್ಲೂ ಊದಿಸ್ಕಂಡೇ ಇರ್ತೀರಲ್ಲ. ನಂಗೆ ಅಭ್ಯಾಸ ಆಗ್ಬುಟ್ಟೈತೆ." ಮಾತು ಮುಗಿಸುವಾಗ ಅವನು ಫ್ಯಾನು ನೋಡಲಿಲ್ಲ. ಅವಳನ್ನೇ ನೋಡಿದ. ಅವಳು ಕಣ್ಣು ತಗ್ಗಿಸಬೇಕಾಯಿತು.

ಡಾಕ್ಟರು ಚೀಟಿ ಬರೆಯುತ್ತ ಕೇಳಿದರು. "ಈ ಮಾತ್ರೆ ತಗೊಳ್ಳೋರಿಗೆ ಜ್ವರ ಬಂದರೆ ತಡ ಮಾಡೋ ಹಾಗಿಲ್ಲ. ಮನೇಲಿ ನೋಡ್ಕೊಳ್ಳೋರು ಯಾರಿದಾರೆ?"

"ನಾನೈದೀನಿ," ಎಂದ ರುದ್ರಯ್ಯ.

"ನೀವು ಒಂದೇ ಮನೇಲಿ ಇರೋರಾ?"

ರುದ್ರಯ್ಯನ ಬಾಯಿ ತೆರೆಯಿತು, ಮುಚ್ಚಿತು. ದ್ರಾಕ್ಷಾಯಣಿ ಕಾದಳು. ಗಡಿಯಾರ ಟಿಕ್ ಎಂದಿತು. ಇನ್ನೂ ಕಾದಳು. ಮುಂದಿನ ಗ್ರಹಣದವರೆಗೆ ಕಾದರೂ ಇವನ ಬಾಯಿಂದ ಬರುವುದಿಲ್ಲ ಎಂದು ಖಚಿತವಾದ ಮೇಲೆ ನಿಟ್ಟುಸಿರು ಬಿಟ್ಟಳು.

"ಈಗಿಲ್ಲ ಡಾಕ್ಟ್ರೇ. ಮುಂದಿನ ತಿಂಗಳ ಹೊತ್ತಿಗೆ ಒಂದೇ ಮನೆ ಆಗಿರುತ್ತೆ. ಇವರ ಹೆಸರೇ ಬರ್ಕೊಳ್ಳಿ."

ಡಾಕ್ಟರು ನಗದೆ ಬರೆದುಕೊಂಡರು. ಹೊರಗೆ ವರಾಂಡದಲ್ಲಿ ಅವನು ಅವಳ ಕೈಯಿಂದ ಮಾತ್ರೆಯ ಕವರು ತೆಗೆದುಕೊಂಡು, ಬೇಡವೆನ್ನುತ್ತಾಳೇನೋ ಎಂದು ಒಂದು ಕ್ಷಣ ನೋಡಿ, ಆ ಕೈಯನ್ನೂ ಹಿಡಿದುಕೊಂಡ. ತಣ್ಣಗಿದ್ದ ಬೆರಳನ್ನು ತನ್ನ ಅಂಗೈಯಲ್ಲಿ ಮುಚ್ಚಿಕೊಂಡು ನಡೆದ. ಗೇಟಿನ ಹತ್ತಿರ ಬಂದಾಗ ಕೇಳಿದ.

"ಒಂದೇ ಮನೆ ಅಂದ್ರಲ್ಲ. ವನಗೂರಲ್ಲೋ, ಬೆಳಗೋಡಲ್ಲೋ?"

"ಮಾರಾಯ," ಎಂದಳು ದ್ರಾಕ್ಷಾಯಣಿ, ಕೈ ಬಿಡಿಸಿಕೊಳ್ಳದೆ. "ಅದನ್ನೂ ನಾನೇ ಹೇಳ್ಬೇಕಾ?"