ಅಜ್ಜ ಒತ್ತಿದ ಹಸಿರು ಬಟನ್

"ನೋಡೋ, ಮತ್ತೆ ಬಂತು," ಎಂದು ಶಾಲೆ ಬಿಟ್ಟು ಬರುತ್ತಿದ್ದ ಐಲೆನ್ ಫೋನನ್ನು ತರಗತಿಯ ಗೆಳೆಯ ಬ್ರೂನೋನ ಮೂಗಿಗೇ ಹಿಡಿದಳು. 'ನಾನು ಚೆನ್ನಾಗಿದ್ದೀನಿ' ಎಂದು ಅಜ್ಜನ ಮೆಸೇಜು.

"ಈಗ ತಾನೇ ಒಂದು ಬಂದಿತ್ತಲ್ಲೇ? ನಿಮ್ಮಜ್ಜನಿಗೆ ಬೇರೆ ಕೆಲಸ ಇಲ್ವಾ?"

"ಹೊಟ್ಟೆಕಿಚ್ಚು ನಿಂಗೆ. ನನ್ನ ಆ್ಯಪ್ ಅಂದ್ರೆ ಅಜ್ಜಂಗೆ ಅಷ್ಟು ಇಷ್ಟ."

ಆ್ಯಪ್ ಅವಳೇ ಬರೆದದ್ದು, ಶಾಲೆಯ ಕಂಪ್ಯೂಟರ್ ಕ್ಲಾಸಿನಲ್ಲಿ. ಹಗಲೆಲ್ಲ ಮನೆಯಲ್ಲಿ ಒಬ್ಬರೇ ಇರುವ ಅನ್ಸೆಲ್ಮೋ ಅಜ್ಜನಿಗಾಗಿ. ಇರುವುದು ಎರಡೇ ಬಟನ್. ಹಸಿರು ಒತ್ತಿದರೆ 'ಚೆನ್ನಾಗಿದ್ದೀನಿ', ಕೆಂಪು ಒತ್ತಿದರೆ 'ಬೇಗ ಬನ್ನಿ'. ಅವಳೇ ಎಷ್ಟೋ ಸಲ ಒತ್ತಿ ನೋಡಿದ್ದಳು. ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಪರಾನಾ ನದಿ ದಂಡೆಯ ಆ ಊರಿನಲ್ಲಿ ಅಂದು ಸುಡುಬಿಸಿಲು. ಐಲೆನ್ ಐಸ್‌ಕ್ರೀಮ್ ಚೀಪುತ್ತ ನಿಧಾನವಾಗಿ ಮನೆಗೆ ಬಂದಳು. ಹಿತ್ತಲಿನ ಬಾಗಿಲು ತಳ್ಳಿದಳು.

ಅಜ್ಜ ನಿಂಬೆ ಗಿಡದ ಬುಡದಲ್ಲಿ ಬಿದ್ದಿದ್ದರು. ಪಕ್ಕದಲ್ಲಿ ಏಣಿ ಉರುಳಿತ್ತು. ಕನ್ನಡಕ ದೂರ ಸಿಡಿದಿತ್ತು. ಕಾಲು ಕುಂಬಳಕಾಯಿಯಂತೆ ಊದಿತ್ತು. ಕೈಯಲ್ಲಿ ಮಾತ್ರ ಫೋನು.

"ಬಂದ್ಯಾ ಮಗಳೇ? ಎಷ್ಟು ಸಲ ಕರೆಯೋದು ನಿನ್ನ?"

ಐಲೆನ್ ಅಜ್ಜನ ಫೋನಿನತ್ತ ಬೊಟ್ಟು ಮಾಡಿದಳು. "ಅಜ್ಜಾ, ನೀನು ಒತ್ತಿದ್ದು ಹಸಿರು. ಕೆಂಪು ಒತ್ತಬೇಕಿತ್ತು."

"ಕೆಂಪಾ?" ಅಂಥ ನೋವಿನಲ್ಲೂ ಅಜ್ಜ ಮುಖ ಸಿಂಡರಿಸಿದರು. "ಅದು ರೈಲು ಹಳಿ ಆಚೆಯ ನಮ್ಮ ಎದುರಾಳಿ ಫುಟ್‌ಬಾಲ್ ಕ್ಲಬ್ಬಿನ ಬಣ್ಣ ಕಣೇ. ನಿಮ್ಮಜ್ಜಿ ಕೆಂಪು ಕರ್ಟನ್ ತಂದಾಗ ವಾಪಸ್ ಕಳಿಸಿದೋನು ನಾನು. ಕನ್ನಡಕ ಇಲ್ದೆ ಅಕ್ಷರ ಎಲ್ಲಿ ಕಾಣತ್ತೆ? ಕಷ್ಟ ಬಂದಾಗ ನಮ್ಮೋರನ್ನ ತಾನೇ ಕರೀಬೇಕು? ನಮ್ಮ ಕ್ಲಬ್ಬಿನ ಹಸಿರು ಒತ್ತಿದೆ."

ಇಲ್ಲಿ ಅಜ್ಜ ಬಿಸಿಲಿನಲ್ಲಿ ಬಿದ್ದು ಕರೆಯುತ್ತಿದ್ದಾಗ ಅಲ್ಲಿ ತಾನು ಜಂಬ ಕೊಚ್ಚಿಕೊಳ್ಳುತ್ತಿದ್ದೆ ಎಂದು ಐಲೆನ್‌ಗೆ ಆಗ ಹೊಳೆಯಿತು. ಶಾಲೆಯ ಸಮವಸ್ತ್ರದ ಬಿಳಿ ಕೋಟಿನಲ್ಲೇ ಸಹಾಯ ಕೇಳಲು ಪಕ್ಕದ ಮನೆಗೆ ಓಡಿದಳು.

ಆಸ್ಪತ್ರೆಯಲ್ಲಿ ಅಜ್ಜನ ಕಾಲಿಗೆ ಪ್ಲಾಸ್ಟರ್ ಹಾಕಿದರು. ಅಮ್ಮನ ಕೋಪ ಮಾತ್ರ ಇಳಿಯಲಿಲ್ಲ. "ಮಗು ಅಷ್ಟು ಕಷ್ಟಪಟ್ಟು ಮಾಡಿಕೊಟ್ಟಿದೆ. ಒಂದು ಬಟನ್ ಸರಿಯಾಗಿ ಒತ್ತೋಕೆ ಬರಲ್ವಾ ನಿಮಗೆ?"

"ಅಜ್ಜನ್ನ ಬೈಬೇಡಮ್ಮಾ," ಎಂದಳು ಐಲೆನ್. ಅವಳ ಕಣ್ಣು ತುಂಬಿತ್ತು.

ಮರುದಿನ ಅವಳು ಫೋನ್ ಹಿಡಿದು ಅಜ್ಜನ ಮಂಚದ ಮೇಲೆ ಕುಳಿತಳು. ಈ ಸಲ ಬಟನ್‌ಗಳಿಗೆ ಬಣ್ಣವಿರಲಿಲ್ಲ, ದೊಡ್ಡ ಚಿತ್ರಗಳಿದ್ದವು: ಒಂದರಲ್ಲಿ ನಗುತ್ತ ಕುಳಿತ ಅಜ್ಜ, ಇನ್ನೊಂದರಲ್ಲಿ ಕೆಳಗೆ ಬಿದ್ದ ಅಜ್ಜ.

"ಅಜ್ಜಾ, ಕನ್ನಡಕ ತೆಗಿ. ಈಗ ಬಿದ್ದಿದ್ದೀಯ ಅಂದ್ಕೋ. ಏನು ಒತ್ತುತ್ತೀಯ?"

"ಯಾವುದು ಒತ್ತಲಿ? ನೀನೇ ಹೇಳಿಬಿಡು."

ಉತ್ತರ ನಾಲಿಗೆಯ ತುದಿಗೇ ಬಂದಿತ್ತು. ಆದರೆ ನಿಜವಾಗಿ ಬಿದ್ದಾಗ ಹೇಳಿಕೊಡಲು ತಾನು ಪಕ್ಕದಲ್ಲಿರುವುದಿಲ್ಲ. ಐಲೆನ್ ತುಟಿ ಬಿಗಿಹಿಡಿದು, ಅಜ್ಜನ ಹೆಬ್ಬೆರಳು ಎತ್ತ ಹೋಗುತ್ತದೆಂದು ನೋಡುತ್ತ ಕುಳಿತಳು.