ಸೋತ ಎತ್ತಿನ ಗೆಜ್ಜೆಸರ

ಸರ್ಕಾರಿ ಲೆಕ್ಕದ ಫಸಲಿ ವರ್ಷ 1352, ಬಹಮನ್ ತಿಂಗಳ ಹನ್ನೊಂದನೇ ತಾರೀಖು, ಬೆಳಿಗ್ಗೆ ಎಂಟೂಕಾಲು. ವಳಕಮದಿನ್ನಿಯ ಆದಪ್ಪಗೌಡ ಮಸ್ಕಿ ಠಾಣೆಗೆ ಬಂದವನೇ ಕುರ್ಚಿ ಎಳೆದುಕೊಂಡು ಕೂತ. ಕೂಡು ಅಂತ ಯಾರೂ ಅಂದಿರಲಿಲ್ಲ. ಠಾಣೆಯ ಅಧಿಕಾರಿ ಅಮೀನ ಮಾಳಿಂಗಪ್ಪನಿಗೆ ಅಲ್ಲಿಗೇ ಮೈ ಉರಿಯಿತು.

"ನಿನ್ನಿ ಬಂಡಿ ಓಟದಾಗ ನಮ್ಮ ಎತ್ತು ಸೋತಾವ್ರೀ," ಅಂದ ಗೌಡ. "ಬಂಡಿ ಹೊಡಿಯೋ ಮುದುಕಪ್ಪ ಸೋಲಿಗೇ ಬಾಜಿ ಕಟ್ಟಿ, ಎತ್ತಿನ ಕಾಲಿಗೆ ಏನೋ ಮಾಡ್ಯಾನ. ಬಾಜಿ ಹಿಡಿಯೋ ಮಾನಪ್ಪನ್ನ ಕೇಳ್ರಿ."

ಓಟಕ್ಕೆ ತಹಸೀಲಿನವರು ಅಪ್ಪಣೆ ಕೊಟ್ಟಿದ್ದೇ ಒಂದು ಕರಾರಿನ ಮೇಲೆ. ಎತ್ತಿನ ಮಾಲೀಕನಾಗಲಿ, ಬಂಡಿ ಹೊಡೆಯುವವನಾಗಲಿ ತಮ್ಮ ಎತ್ತಿನ ಸೋಲಿಗೆ ಬಾಜಿ ಕಟ್ಟುವಂತಿಲ್ಲ. ಕಟ್ಟಿದವನಿಗೆ ಜೈಲು, ಮೇಲೆ ಜೀವಮಾನ ಬಂಡಿ ಹತ್ತುವಂತಿಲ್ಲ. ಅಮೀನ ರಪಟು ಬರೆದುಕೊಂಡ.

ಶಾಯಿ ಆರುವುದರೊಳಗೆ ಮುದುಕಪ್ಪನ ಹೆಂಡತಿ ಗಾಳೆಮ್ಮ ಬಾಗಿಲಲ್ಲಿ ನಿಂತಿದ್ದಳು. "ಲಗ್ನ ಆಗಿ ಇಪ್ಪತ್ತು ವರ್ಷ ಆತ್ರೀ ಸಾಹೇಬ್ರ. ನಾ ಜ್ವರ ಬಂದು ಮಲಗಿದ್ರ ತಿರುಗಿ ನೋಡಂಗಿಲ್ಲ ನನ್ನ ಗಂಡ. ಎತ್ತು ಮೇವು ಬಿಟ್ರ ತಾನೂ ಉಣ್ಣಂಗಿಲ್ಲ. ಬಂಡಿ ಹತ್ತಬ್ಯಾಡ ಅಂದ್ರ ಅಂವ ಬದುಕಂಗಿಲ್ರೀ."

ಹತ್ತೂವರೆಗೆ ಓಟದ ಬಯಲಿನಲ್ಲಿ ಪಂಚನಾಮೆ. ಎಡಗಡೆಯ ಎತ್ತು ಮೂರೇ ಕಾಲಿನ ಮೇಲೆ ನಿಂತಿತ್ತು. ಮುದುಕಪ್ಪ ಬಿಸಿನೀರಿನ ಬಟ್ಟೆ ಹಿಡಿದು ಅದರ ಕಾಲಬುಡದಲ್ಲಿ ಕೂತಿದ್ದ. ಪೊಲೀಸ್ ಜವಾನ ಬಂದೇಸಾಬ ಗೊರಸಿನ ಸಂದಿಗೆ ಚಿಮಟ ಹಾಕಿ ಎಳೆದ. ಬೆರಳುದ್ದದ ಕಬ್ಬಿಣದ ಮೊಳೆ ಬಂತು, ರಕ್ತದ ಸಮೇತ. ಕೈಗೆ ಸಿಗಬಾರದೆಂದು ಅದರ ತಲೆ ಕತ್ತರಿಸಿದ್ದರು. ಪಂಚರು ಹೆಬ್ಬೆಟ್ಟು ಒತ್ತುವಾಗ ಅಮೀನ ಹಲ್ಲು ಕಚ್ಚಿಕೊಂಡು ನಿಂತಿದ್ದ.

"ಓಟದ ಗೆರಿಗೆ ಬರೋತನಕ ಕುಂಟ್ತೇನು?"

"ಇಲ್ರೀ. ಕುಣಕೊಂತ ಬಂತು," ಅಂದ ಮುದುಕಪ್ಪ.

"ಆಮ್ಯಾಲೆ ಕಾಲು ಮುಟ್ಟಿದವರು ಯಾರು?"

ಮುದುಕಪ್ಪ ಎತ್ತಿನ ಕಡೆ ನೋಡಿದ.

"ಬಾಯಿ ಬಿಡಲೇ!"

"ನಾ ಹಗ್ಗ ಹಿಡಕೊಂಡು ಬಂಡಿ ಮ್ಯಾಲಿದ್ನಿ. ಗೌಡ್ರು ಎತ್ತಿನ ಪಾದಪೂಜಿ ಮಾಡಿದ್ರು. ಮತ್ಯಾರೂ ಮುಟ್ಟಿಲ್ರೀ."

"ಗೊತ್ತಿದ್ದೂ ಸುಮ್ನಿದ್ದೇನು?"

"ಅವ್ರ ಮನಿ ಅನ್ನ ಉಂಡೀನ್ರೀ."

ಅಮೀನನಿಗೆ ಅವನ ಮೇಲೂ ಸಿಟ್ಟು ಬಂತು. ಎತ್ತಿನ ಪಾದಕ್ಕೆ ನೀರು ಹಾಕಿ, ಕುಂಕುಮ ಹಚ್ಚಿ, ಅದೇ ಕೈಯಿಂದ ಮೊಳೆ ತುರುಕಿದವನ ಅನ್ನಕ್ಕೆ ಇಷ್ಟು ಮರ್ಯಾದೆಯೇ?

ಹನ್ನೆರಡಕ್ಕೆ ಮಾನಪ್ಪನನ್ನು ಠಾಣೆಗೆ ಎಳೆದು ತಂದರು. ಮೇಜಿನ ಮೇಲೆ ಮೊಳೆ ಕಂಡದ್ದೇ ಅವನು ಬಾಯಿಬಿಟ್ಟ. "ಮುದುಕಪ್ಪ ನನ್ನ ಹತ್ರ ಬಂದೇ ಇಲ್ರೀ. ಸೋಲಿಗೆ ಕಟ್ಟಿದಾಂವ ಗೌಡ. ಯಾರಾದ್ರೂ ಕೇಳಿದ್ರ ಮುದುಕಪ್ಪನ ಹೆಸರು ಹೇಳು ಅಂದಿದ್ದ."

ಆದರೆ ಮಾನಪ್ಪನ ಮಾತೊಂದನ್ನೇ ನಂಬಿ ಗೌಡನನ್ನು ಹಿಡಿದರೆ ನ್ಯಾಯದ ಕಚೇರಿಯಲ್ಲಿ ಪ್ರಕರಣ ನಿಲ್ಲುವುದಿಲ್ಲ. ಅಮೀನ ಯೋಚಿಸಿದ. ಸೋತವನು ತನ್ನ ಎತ್ತಿನ ಕೊರಳ ಗೆಜ್ಜೆಸರ ಬಿಚ್ಚಿ ಗೆದ್ದವನಿಗೆ ಕೊಡುವುದು ಈ ಓಟದ ಪದ್ಧತಿ. ಮೂರು ಗಂಟೆಗೆ ಅವನು ಲಿಂಗಸುಗೂರಿನಲ್ಲಿ, ಗೆದ್ದ ಕನಕರಾಯನ ಅಂಗಳದಲ್ಲಿದ್ದ.

ಸರದ ಪಟ್ಟಿ ಹೊಸ ತೊಗಲಿನದು. ಒಂದು ಓಟದ ಬೆವರಷ್ಟೇ, ಹಳೆಯ ಕಲೆ ಒಂದೂ ಇರಲಿಲ್ಲ. ಕನಕರಾಯನೂ ಕುದಿಯುತ್ತಿದ್ದ. "ಮೂರು ವರ್ಷ ಆ ಎತ್ತಿನ ಹಿಂದ ಓಡಿ ಸೋತೀನ್ರೀ. ಆ ಗೆಜ್ಜಿ ನಾದ ನನಗ ಗೊತ್ತಿಲ್ಲೇನು? ಗೌಡನ ಅಜ್ಜನ ಕಾಲದ್ದು ಅದು. ಇದು ಅದಲ್ಲ."

ಮರುದಿನ ಬೆಳಿಗ್ಗೆ ಏಳಕ್ಕೆ ವಳಕಮದಿನ್ನಿಯಲ್ಲಿ ಗೌಡನ ಮನೆಯ ಜಡತಿ, ಮೂಲೆ ಮೂಲೆಯ ಶೋಧ. ದೇವರ ಮನೆಯ ಗೂಡಿನಲ್ಲಿ, ಮಡಿಬಟ್ಟೆಯೊಳಗೆ ಹಳೆಯ ಸರ ಸಿಕ್ಕಿತು. ಬೆವರು ಕುಡಿದು ಕರ್ರಗಾದ ಪಟ್ಟಿ. ಬಂದೇಸಾಬ ಎತ್ತಿ ಹಿಡಿದಾಗ ಮನೆ ತುಂಬ ಗಲ್ಲೆಂದಿತು.

"ಇದು ನಿಮ್ಮಜ್ಜನ ಸರ. ಗೆಲ್ಲಾಕ ಹೋಗಾಂವ ಇದನ್ಯಾಕ ಮನ್ಯಾಗ ಮುಚ್ಚಿಟ್ಟು ಹೋಗಿದ್ದಿ ಗೌಡಾ? ಸೋಲ್ತೀನಂತ ಮೊದಲೇ ಗೊತ್ತಿತ್ತೇನು?"

ಗೌಡ ಸರ ಕಿತ್ತುಕೊಳ್ಳಲು ಕೈ ಚಾಚಿದ. ಆಮೇಲೆ ಕೂಗಿಬಿಟ್ಟ. "ಎತ್ತು ನಂದು! ಹಿಂಡಿ ನಂದು, ಬಂಡಿ ನಂದು! ಮೂರು ವರ್ಷ ಗೆದ್ದೆ. ಮಂದಿ ಏನಂತ ಒದರಿದ್ರು? ಮುದುಕಪ್ಪನ ಎತ್ತು ಬಂದ್ವು, ಮುದುಕಪ್ಪನ ಎತ್ತು ಗೆದ್ದ್ವು! ನನ್ನ ಹೆಸರು ಒಬ್ಬ ಅನ್ನಲಿಲ್ಲ. ನನ್ನ ಮೊಮ್ಮಗನೂ ಹಂಗ ಅಂತಾನ್ರೀ."

ಏಳೂ ಐವತ್ತಕ್ಕೆ ಗೌಡನ ಕೈಗೆ ಬೇಡಿ ಬಿತ್ತು. ಸೋಲಿನ ಬಾಜಿ, ಜಾನುವಾರಿಗೆ ಗಾಯ, ಸುಳ್ಳು ದೂರು, ಮೂರೂ ಅವನ ಮೇಲೆಯೇ. ದುಡ್ಡಿನ ಆಸೆಗಾಗಿ ಮಾಡಿದ್ದರೆ ಅಮೀನನಿಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ. ಒಂದು ಹೆಸರಿಗಾಗಿ ಮೂಕಪ್ರಾಣಿಯ ಕಾಲು ಕೆಡಿಸಿದ್ದ.

ಒಂದು ಕಾಗದ ಬಾಕಿ ಇತ್ತು. ಪ್ರಕರಣ ಮುಗಿಯುವವರೆಗೆ ಎತ್ತುಗಳು ಯಾರ ವಶದಲ್ಲಿರಬೇಕೆಂಬ ಸುಪರ್ದುನಾಮೆ. ಮಾಲೀಕನ ಸಹಿ ಬೇಕು. ಅಮೀನ ಉರ್ದುವಿನಲ್ಲಿ ಬರೆದು ಮುಗಿಸಿ ಮುಂದೆ ತಳ್ಳಿದ.

"ಏನ್ ಬರದೀರಿ?" ಅಂದ ಗೌಡ.

ಅಮೀನ ಕಾಗದ ಎತ್ತಿಕೊಂಡು, ಬಾಗಿಲಲ್ಲಿ ನೆರೆದ ಊರಿಗೆಲ್ಲ ಕೇಳುವಂತೆ ಕನ್ನಡದಲ್ಲಿ ಓದಿದ. "ಬಿಳಿ ಎತ್ತು ಎರಡು. ಮುದುಕಪ್ಪನ ವಶಕ್ಕೆ."

ಬೇಡಿ ಹಾಕಿದ ಕೈಯಿಂದಲೇ ಗೌಡ ಸಹಿ ಹಾಕಿದ.