ಒಂದು ಬೆರಳಿನಷ್ಟು ಜಾಗ

"ಅಲುಗಾಡಬೇಡ ಅಕ್ಕ. ಟೇಪ್ ಜಾರುತ್ತೆ."

"ನಾನೆಲ್ಲಿ ಅಲುಗಾಡಿದೆ? ನಿನ್ನ ಕೈ ಐಸ್ ಥರ ಇದೆ. ಬೇಗ ಅಳೆ."

ಅಕ್ಕ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಏಟಾದ ಕಾಲು ಸ್ಟೂಲಿನ ಮೇಲೆ, ದಿಂಬಿನ ಮೇಲೆ. ಮುಖ ಮಾತ್ರ ಕಿಟಕಿಯ ಆಚೆಗೆ. ಅಳೆಯುವಾಗ ಅವಳು ಯಾವತ್ತೂ ಕಾಲಿನ ಕಡೆ ನೋಡುತ್ತಿರಲಿಲ್ಲ.

ಬಟನ್ ನೆಲದ ಮೇಲೆ ಮಂಡಿಯೂರಿ, ಅಮ್ಮನ ಟೇಪನ್ನು ಅಕ್ಕನ ಪಾದದ ಗಂಟಿನ ಸುತ್ತ ತಂದಳು. ತೋರುಬೆರಳನ್ನು ಟೇಪಿನ ಒಳಗಿಟ್ಟು ಮೆಲ್ಲಗೆ ಎಳೆದಳು. ಒಂದು ಕಣ್ಣು ಮುಚ್ಚಿ ನೋಡಿದಳು.

ಟೇಪಿನ ಮೇಲೆ ಒಂದು ಕೆಂಪು ಚುಕ್ಕೆ ಇತ್ತು. ತುದಿ ಬಂದು ನಿಂತದ್ದು ಆ ಚುಕ್ಕೆಯ ಆಚೆಗೆ.

"ಇವತ್ತೂ ಇಲ್ಲ," ಎಂದಳು.

"ಸರಿ ಬಿಡು," ಎಂದಳು ಅಕ್ಕ, ಕಿಟಕಿಗೆ ಹೇಳಿದಂತೆ.

ಬಟನ್ ಅನ್ನುವುದು ಅವಳ ನಿಜವಾದ ಹೆಸರಲ್ಲ. ಅಮ್ಮ ಸ್ಕೂಲ್ ಯೂನಿಫಾರ್ಮ್ ಹೊಲಿಯುವ ಅಂಗಡಿಯಲ್ಲಿ ಟೈಲರ್. ಮಗಳು ತೆವಳುವ ವಯಸ್ಸಿನಲ್ಲಿ ಅಲ್ಲಿ ಬಿದ್ದಿದ್ದ ಬಿಳೀ ಗುಂಡಿಯೊಂದನ್ನು ನುಂಗಿ ಇಡೀ ಅಂಗಡಿಯನ್ನೇ ಓಡಾಡಿಸಿದ್ದಳಂತೆ. ಅಂದಿನಿಂದ ಎಲ್ಲರ ಬಾಯಲ್ಲೂ ಅದೇ ಹೆಸರು ನಿಂತುಬಿಟ್ಟಿತು.

ಆ ಕೆಂಪು ಚುಕ್ಕೆ ಇಟ್ಟವರು ಆಸ್ಪತ್ರೆಯ ಫಿಸಿಯೋ ಮೇಡಂ. ಅಕ್ಕನ ಪ್ಲಾಸ್ಟರ್ ಬಿಚ್ಚಿದ ದಿನ ಅಮ್ಮ ಅಂಗಡಿಯಿಂದ ನೇರವಾಗಿ ಓಡಿ ಬಂದಿದ್ದಳು, ಕತ್ತಿನಲ್ಲಿ ಟೇಪ್ ನೇತಾಡುತ್ತಲೇ ಇತ್ತು. ಮೇಡಂ ನಕ್ಕು ಅದನ್ನೇ ಈಸಿಕೊಂಡು, ಅಕ್ಕನ ಚೆನ್ನಾಗಿರುವ ಕಾಲನ್ನು ಅಳೆದು, ಪೆನ್ನಿನಿಂದ ಚುಕ್ಕೆ ಇಟ್ಟರು.

"ಮೂಳೆ ಕೂಡಿದೆ. ಇನ್ನು ಉಳಿದಿರೋದು ಊತ. ಈ ಕಾಲೂ ಚುಕ್ಕೆಗೆ ಬಂದರೆ ಊರುಗೋಲು ಬಿಟ್ಟು ನಡೀಬಹುದು, ಕಾಲೇಜಿಗೂ ಹೋಗಬಹುದು. ದಿನಾ ಸಂಜೆ ಅಳೆದು ನೋಡಿ."

"ನನ್ನ ಕೈಲಿ ಆಗಲ್ಲ. ನಂಗೆ ಆ ಕಾಲು ನೋಡಿದ್ರೇ ಹೊಟ್ಟೆ ತೊಳೆಸುತ್ತೆ," ಎಂದಿದ್ದಳು ಅಕ್ಕ.

"ಬಟನ್ ಅಳೀತಾಳೆ. ಟೇಪ್ ಹಿಡಿಯೋದ್ರಲ್ಲಿ ಅವಳು ನನ್ನನ್ನೂ ಮೀರಿಸಿದಾಳೆ," ಎಂದಳು ಅಮ್ಮ. ಬಟನ್ ಅವತ್ತು ಮನೆಯವರೆಗೂ ಎದೆ ಉಬ್ಬಿಸಿಕೊಂಡೇ ನಡೆದಿದ್ದಳು.

ಅಕ್ಕ ಓದುತ್ತಿದ್ದದ್ದು ದೂರದ ಕಾಲೇಜಿನಲ್ಲಿ, ಇದ್ದದ್ದು ಹಾಸ್ಟೆಲ್ಲಿನಲ್ಲಿ. ಕಾಲೇಜಿನ ಮೆಟ್ಟಿಲ ಮೇಲೆ ಕಾಲು ಜಾರಿತು ಎಂದಷ್ಟೇ ಹೇಳಿದ್ದಳು. ಹೇಗೆ, ಯಾಕೆ ಎಂದು ಕೇಳಿದರೆ ತುಟಿಪಿಟಕ್ಕೆನ್ನುತ್ತಿರಲಿಲ್ಲ. ತಿಂಗಳ ಕೊನೆಗೆ ಅವಳ ಪ್ರಾಕ್ಟಿಕಲ್ ಪರೀಕ್ಷೆ. ಅಷ್ಟರೊಳಗೆ ಹೋಗದಿದ್ದರೆ ಒಂದು ವರ್ಷ ಹಿಂದೆ ಬೀಳುತ್ತಾಳೆ. ಈ ಮಾತು ಬಂದಾಗೆಲ್ಲ ಅಮ್ಮ ದಾರವನ್ನು ಹಲ್ಲಿನಲ್ಲಿ ಕಡಿಯುವುದನ್ನು ಮರೆತು ಹಾಗೇ ಕೂತುಬಿಡುತ್ತಿದ್ದಳು.

ಆದರೆ ಬಟನ್‌ಗೆ ಅದು ಬೇರೆಯೇ ಲೆಕ್ಕ.

ಅಕ್ಕ ಬರುವುದಕ್ಕೆ ಮೊದಲು ಸ್ಕೂಲಿನಿಂದ ಬಂದ ಮೇಲಿನ ಹೊತ್ತು ಬಟನ್‌ಗೆ ಕಳೆಯುತ್ತಲೇ ಇರಲಿಲ್ಲ. ಅಪ್ಪ ಲಾರಿ ತೆಗೆದುಕೊಂಡು ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಅಮ್ಮ ಬರುವುದು ಕತ್ತಲಾದ ಮೇಲೆ. ಬೀಗದ ಕೈ ಬ್ಯಾಗಿನ ಒಳಜೇಬಿನಲ್ಲಿ. ಬಾಗಿಲು ತೆಗೆದರೆ ಮನೆ ಗಪ್‌ಚಿಪ್. ಬಚ್ಚಲ ನಲ್ಲಿ ತೊಟ್ಟಿಕ್ಕುವ ಸದ್ದು ನಡುಮನೆಗೆ ಕೇಳುತ್ತಿತ್ತು.

ಮನೆಯ ಮೂಲೆಯಲ್ಲಿ ಅಮ್ಮನ ಒಂದು ಬೊಂಬೆ ಇತ್ತು. ಹೊಲಿದ ಬಟ್ಟೆ ಹಾಕಿ ನೋಡುವ, ಒಂದೇ ಕಂಬದ ಮೇಲೆ ನಿಂತ, ತಲೆಯಿಲ್ಲದ ಬೊಂಬೆ. ಬಟನ್ ಅದಕ್ಕೆ "ಆಂಟಿ" ಎನ್ನುತ್ತಿದ್ದಳು. "ಆಂಟಿ, ಇವತ್ತು ಕಬಡ್ಡೀಲಿ ನನ್ನನ್ನ ಯಾರೂ ಟೀಮಿಗೆ ಕರೀಲಿಲ್ಲ" ಎಂದು ಹೇಳಿ ಬ್ಯಾಗು ಬಿಸಾಕುತ್ತಿದ್ದಳು. ಆಂಟಿಗೆ ಕಿವಿಯೂ ಇರಲಿಲ್ಲ. ಆದರೂ ಹೇಳಿಕೊಳ್ಳುವುದಕ್ಕೆ ಅದಾದರೂ ಇತ್ತು.

ಈಗ ಹಾಗಲ್ಲ. ಬಾಗಿಲು ತೆಗೆದ ತಕ್ಷಣ ಅಕ್ಕನ ದನಿ ಕೇಳುತ್ತಿತ್ತು.

"ಬಂದ್ಯಾ? ಚಾರ್ಜರ್ ಕೊಡೇ. ನೀರು ತಾರೇ. ಆ ಪುಸ್ತಕ ಅಲ್ಲ, ಅದರ ಕೆಳಗಿನದು. ನಿನಗೆ ಕಣ್ಣು ಇದೆಯೋ, ಅದೂ ಬಟನ್ನೋ?"

ಬಟನ್ ಮುಖ ಗಂಟು ಹಾಕಿಕೊಂಡೇ ಓಡಾಡುತ್ತಿದ್ದಳು. ಒಳಗೊಳಗೇ ಹಿಗ್ಗುತ್ತಿದ್ದಳು. ಮೊದಲೆಲ್ಲ ರಜಕ್ಕೆ ಬಂದರೂ ಫೋನಿನಲ್ಲೇ ಮುಳುಗಿರುತ್ತಿದ್ದ ಅಕ್ಕ ಈಗ ಅವಳ ಜಡೆ ಹೆಣೆಯುತ್ತಿದ್ದಳು, ಇಸ್ಪೀಟು ಆಡುವಾಗ ಮೋಸ ಮಾಡುತ್ತಿದ್ದಳು, ಲೆಕ್ಕ ತಪ್ಪಾದರೆ ತಲೆಗೆ ಮೊಟಕುತ್ತಿದ್ದಳು. ಅವಳ ಫೋನು ಮೊದಲಿನ ಹಾಗೆ ಬಡಿದುಕೊಳ್ಳುತ್ತಿರಲಿಲ್ಲ. ಅದು ಯಾಕೆ ಎಂದು ಬಟನ್ ಯೋಚಿಸಲಿಲ್ಲ.

ಅವಳು ಬೆರಳಿನ ವಿಷಯ ಕಂಡುಕೊಂಡದ್ದು ಒಂದು ಭಾನುವಾರ.

ಕೆಳಗಿನ ಮನೆಯ ಅಜ್ಜಿ ರವಿಕೆಗೆ ಅಳತೆ ಕೊಡಲು ಬಂದಿದ್ದರು. ಅಮ್ಮನ ಕೈಯಲ್ಲಿ ಬೇರೆ ಕೆಲಸವಿತ್ತು. "ತೋಳಿನ ಅಳತೆ ನೀನೇ ತಗೊಳ್ಳೇ," ಎಂದಳು. ಬಟನ್ ಟೇಪು ಸುತ್ತಿದಳು.

"ಬೆರಳು ಒಳಗಿಟ್ಟೆಯಾ?" ಎಂದು ಕೇಳಿದಳು ಅಮ್ಮ, ತಿರುಗಿ ನೋಡದೆ.

"ಇಟ್ಟಿದೀನಮ್ಮ."

"ಹಾಂ. ಬೆರಳಿಲ್ಲದೆ ಅಳೆದರೆ ಮೈಗೆ ಕಚ್ಕೊಂಡು ಬಿಡುತ್ತೆ. ತೋಳು ಆಡೋಕೆ ಜಾಗ ಬೇಕು."

"ನನಗೆ ಎರಡು ಬೆರಳು ಇಡಮ್ಮ. ಊಟ ಜಾಸ್ತಿಯಾಗಿದೆ," ಎಂದರು ಅಜ್ಜಿ.

ಅಮ್ಮ ನಕ್ಕಳು. ಬಟನ್ ನಗಲಿಲ್ಲ. ಅಜ್ಜಿಯ ತೋಳಿಗೂ ಟೇಪಿಗೂ ನಡುವೆ ಸಿಕ್ಕಿಕೊಂಡಿದ್ದ ತನ್ನ ಬೆರಳನ್ನೇ ನೋಡುತ್ತಾ ನಿಂತಳು.

ಫಿಸಿಯೋ ಮೇಡಂ ಬೆರಳು ಇಟ್ಟಿರಲಿಲ್ಲ. ಅವರು ಟೈಲರ್ ಅಲ್ಲವಲ್ಲ. ಬಟನ್ ಮಾತ್ರ ದಿನಾ ಅಕ್ಕನ ಕಾಲಿನ ಜೊತೆ ತನ್ನ ಬೆರಳನ್ನೂ ಸೇರಿಸಿ ಅಳೆಯುತ್ತಿದ್ದಳು. ಹಾಗೆ ಅಳೆದರೆ ಆ ಕಾಲು ಚುಕ್ಕೆಗೆ ಬರುವುದಾದರೂ ಹೇಗೆ?

ಸಂಜೆ ಹೇಳಿಬಿಡಬೇಕು ಎಂದುಕೊಂಡಳು. ಟೇಪು ಹಿಡಿದು ಮಂಡಿಯೂರಿ ಕೂತಳು. ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಬೇಗ ಅಳೆದು ಮುಗಿಸು. ನಿನ್ನೆ ನೀನು ಸೋತೆ, ನೆನಪಿದೆಯಾ? ಇಸ್ಪೀಟು ತಗೊಂಡು ಬಾ," ಎಂದಳು ಅಕ್ಕ.

ಬಟನ್ ಬೆರಳನ್ನು ನೋಡಿದಳು. ಅದನ್ನು ಹಾಗೇ ಟೇಪಿನ ಒಳಗಿಟ್ಟಳು.

"ಇವತ್ತೂ ಇಲ್ಲ," ಎಂದಳು. ಅವಳ ದನಿ ಅವಳಿಗೇ ಬೇರೆ ಯಾರದೋ ಎನಿಸಿತು.

ಆಮೇಲೆ ದಿನಾ ಹಾಗೇ ಆಯಿತು. ಬೆರಳು ಒಳಗೆ, ಚುಕ್ಕೆ ದೂರ, ಅಕ್ಕ ಮನೆಯಲ್ಲಿ. ಆದರೆ ಇಸ್ಪೀಟಿನಲ್ಲಿ ಗೆದ್ದರೂ ಈಗ ಮೊದಲಿನಷ್ಟು ಖುಷಿಯಾಗುತ್ತಿರಲಿಲ್ಲ. ಅಮ್ಮ ಕ್ಯಾಲೆಂಡರಿನ ಕಡೆ ನೋಡಿದರೆ ಬಟನ್ ಎದ್ದು ಬೇರೆ ರೂಮಿಗೆ ಹೋಗುತ್ತಿದ್ದಳು.

ಒಂದು ದಿನ ಸ್ಕೂಲಿನಲ್ಲಿ ನೀರು ಬರುವುದು ನಿಂತುಹೋಗಿ ಮಧ್ಯಾಹ್ನವೇ ಎಲ್ಲರನ್ನೂ ಮನೆಗೆ ಬಿಟ್ಟರು. ಬಟನ್ ಕುಣಿಯುತ್ತಾ ಮೆಟ್ಟಿಲು ಹತ್ತಿದಳು. ಅಕ್ಕನನ್ನು ಹೆದರಿಸಬೇಕು ಎಂದು ಚಪ್ಪಲಿ ಹೊರಗೇ ಬಿಟ್ಟು, ಸದ್ದಾಗದ ಹಾಗೆ ಬೀಗ ತಿರುಗಿಸಿ, ಬೆಕ್ಕಿನ ಹೆಜ್ಜೆ ಇಡುತ್ತಾ ಒಳಗೆ ಹೋದಳು.

ಮನೆ ಗಪ್‌ಚಿಪ್. ನಲ್ಲಿ ತೊಟ್ಟಿಕ್ಕುತ್ತಿತ್ತು.

ಒಳಗಿನಿಂದ ಅಕ್ಕನ ಮಾತು ಕೇಳಿಸಿತು. ಫೋನಿನಲ್ಲಿ ಯಾರ ಹತ್ತಿರವೋ ಮಾತಾಡುತ್ತಿದ್ದಾಳೆ ಎಂದುಕೊಂಡು ಬಟನ್ ಬಾಗಿಲ ಸಂದಿಯಿಂದ ಇಣುಕಿದಳು. ಫೋನು ಮಂಚದ ಮೇಲೆ ಬೋರಲಾಗಿ ಬಿದ್ದಿತ್ತು. ಅಕ್ಕ ಕುರ್ಚಿಯನ್ನು ಮೂಲೆಯ ಕಡೆಗೆ ತಿರುಗಿಸಿಕೊಂಡು ಕೂತಿದ್ದಳು.

"ಇವತ್ತು ಎಲ್ಲರೂ ಲ್ಯಾಬಲ್ಲಿ ಇರ್ತಾರೆ," ಎನ್ನುತ್ತಿದ್ದಳು. "ನನ್ನ ಜಾಗದಲ್ಲಿ ಬೇರೆ ಯಾರೋ ನಿಂತಿರ್ತಾರೆ. ಮೊದಲನೇ ವಾರ ಎಷ್ಟು ಫೋನು ಬರ್ತಿತ್ತು ಗೊತ್ತಾ? ಈಗ ನಾನೇ ಮಾಡಿದ್ರೂ, ಆಮೇಲೆ ಮಾಡ್ತೀನಿ ಅಂತಾರೆ." ಮತ್ತೆ ಹೇಳಿದಳು. "ಮನೇಲಿ ಇಷ್ಟು ಸದ್ದಿಲ್ಲದೆ ಇರುತ್ತೆ ಅಂತ ನನಗೆ ಗೊತ್ತಿರಲಿಲ್ಲ. ನಿನಗಾದರೂ ಅಭ್ಯಾಸ ಆಗಿದೆ."

ಅಕ್ಕ ಮಾತಾಡುತ್ತಿದ್ದದ್ದು ತಲೆಯಿಲ್ಲದ ಆಂಟಿಯ ಜೊತೆ.

ಬಟನ್‌ಗೆ ನಗು ಬರಬೇಕಿತ್ತು. ಬರಲಿಲ್ಲ. ಬೆಳಿಗ್ಗೆ ತಾನೂ ಅಮ್ಮನೂ ಹೊರಟ ಮೇಲೆ ಮಧ್ಯಾಹ್ನದವರೆಗೆ, ಮಧ್ಯಾಹ್ನದಿಂದ ತಾನು ಬರುವವರೆಗೆ, ಅಕ್ಕ ಇದೇ ಕುರ್ಚಿಯಲ್ಲಿ ಇದೇ ನಲ್ಲಿಯ ಸದ್ದು ಕೇಳುತ್ತಾ ಕೂತಿರುತ್ತಾಳೆ. ತಾನಾದರೆ ಬೀದಿಗೆ ಇಳಿದು ಒಂದು ಸುತ್ತು ಓಡಿ ಬರುತ್ತಿದ್ದಳು. ಅಕ್ಕ ಎಲ್ಲಿಗೆ ಹೋಗುತ್ತಾಳೆ?

ಅವಳು ಬಂದ ಹಾಗೇ ಹಿಂದೆ ಸರಿದಳು. ಬಾಗಿಲು ಮೆಲ್ಲಗೆ ಎಳೆದುಕೊಂಡು, ಮೆಟ್ಟಿಲ ಮೇಲೆ ಬ್ಯಾಗು ತಬ್ಬಿಕೊಂಡು ಕೂತಳು. ಕೆಳಗಿನ ಮನೆಯ ಅಜ್ಜಿ ಬಟ್ಟೆ ಒಣಹಾಕಲು ತಾರಸಿಗೆ ಹತ್ತುವಾಗ, "ಯಾಕೇ ಬಟನ್, ಬೀಗದ ಕೈ ಕಳೆದುಕೊಂಡ್ಯಾ?" ಎಂದು ಕೇಳಿದರು.

"ಇಲ್ಲಜ್ಜಿ. ಸುಮ್ಮನೆ ಕೂತಿದೀನಿ."

ದಿನಾ ಬರುವ ಹೊತ್ತಾದ ಮೇಲೆ ಎದ್ದು, ಚಪ್ಪಲಿ ಜೋರಾಗಿ ಬಡಿದು, ಬೀಗದ ಕೈ ಗಲಗಲ ಅಲ್ಲಾಡಿಸಿ ಒಳಗೆ ಹೋದಳು. ಅಕ್ಕನ ಕುರ್ಚಿ ಮತ್ತೆ ಕಿಟಕಿಯ ಕಡೆ ತಿರುಗಿತ್ತು.

"ಬಂದ್ಯಾ? ನೀರು ತಾರೇ," ಎಂದಳು ಅಕ್ಕ.

ಸಂಜೆ ಬಟನ್ ಟೇಪು ತಂದಳು. ಮಂಡಿಯೂರಿದಳು. ಕೈ ತಣ್ಣಗಿದೆ ಎನ್ನುತ್ತಾಳೆಂದು ಎರಡೂ ಅಂಗೈ ಉಜ್ಜಿಕೊಂಡಳು. ಟೇಪನ್ನು ಗಂಟಿನ ಸುತ್ತ ತಂದಳು. ತೋರುಬೆರಳು ತಾನಾಗಿಯೇ ಒಳಗೆ ಹೋಯಿತು. ಅವಳು ಅದನ್ನು ಹೊರಗೆಳೆದಳು.

ಟೇಪು ಚರ್ಮಕ್ಕೆ ಮೆತ್ತಗೆ ಅಂಟಿತು. ತುದಿ ಸರಿಯಾಗಿ ಕೆಂಪು ಚುಕ್ಕೆಯ ಮೇಲೆ ಕೂತಿತು. ಬಟನ್ ಅದನ್ನೇ ನೋಡಿದಳು.

"ಇವತ್ತು ಬೆರಳು ಎಲ್ಲಿ?" ಎಂದಳು ಅಕ್ಕ. ಇನ್ನೂ ಕಿಟಕಿಯ ಆಚೆಗೇ ನೋಡುತ್ತಿದ್ದಳು.

ಬಟನ್ ಬೆಚ್ಚಿದಳು. "ನಿನಗೆ ಗೊತ್ತಿತ್ತಾ?"

"ಅದು ನನ್ನ ಕಾಲು ಕಣೇ. ಐಸ್‌ನಂಥ ಬೆರಳು ಒತ್ತಿದ್ರೆ ಗೊತ್ತಾಗಲ್ವಾ? ಮೇಡಂ ಅಳೆದಾಗ ಬೆರಳು ಇರಲಿಲ್ಲ."

"ಯಾವತ್ತಿಂದ ಗೊತ್ತು?"

"ಮೊದಲಿಂದ."

ಬಟನ್‌ಗೆ ಅರ್ಥವಾಗಲಿಲ್ಲ. "ನಾನು ಮೊದಮೊದಲು ಬೇಕಂತ ಮಾಡಲಿಲ್ಲ ಅಕ್ಕ. ಅಮ್ಮ ಕಲಿಸಿದ ಹಾಗೆ ಅಳೆದೆ. ಆಮೇಲೆ..." ಅವಳ ಮುಖ ಸಣ್ಣದಾಯಿತು. "ಆಮೇಲೆ ಬೇಕಂತಲೇ ಮಾಡಿದೆ. ನೀನು ಹೋಗಿಬಿಡ್ತೀಯ ಅಂತ."

"ಹೂಂ."

"ನೀನ್ಯಾಕೆ ಹೇಳಲಿಲ್ಲ?"

ಬಟನ್ ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

"ನಾನು ಬಿದ್ದದ್ದು ಕ್ಯಾಂಟೀನಿನ ಮೆಟ್ಟಿಲ ಮೇಲೆ," ಎಂದಳು ಅಕ್ಕ. "ತಟ್ಟೆ ಸಮೇತ. ಎಲ್ಲರೂ ಚಪ್ಪಾಳೆ ತಟ್ಟಿದ್ರು. ಯಾರ ತಟ್ಟೆ ಬಿದ್ರೂ ತಟ್ತಾರೆ, ಅದು ಅಲ್ಲಿ ರೂಢಿ. ನಾನೂ ತಟ್ಟಿದೀನಿ. ಆದರೆ ಅವತ್ತು ನನಗೆ ಏಳೋಕೆ ಆಗಲಿಲ್ಲ. ಅವರು ತಟ್ತಾನೇ ಇದ್ರು. ವಾಪಸ್ ಹೋದ್ರೆ ಅದೇ ಮೆಟ್ಟಿಲನ್ನ ದಿನಾ ಇಳೀಬೇಕು."

"ಜೋರಾಗಿ ತಟ್ಟಿದ್ರಾ?"

"ಜೋರಾಗಿ."

ಬಟನ್ ಅಕ್ಕನ ಕಾಲಿನ ಪಕ್ಕದಲ್ಲೇ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಹೊರಗೆ ಬೀದಿಯಲ್ಲಿ ಯಾರೋ ಸೈಕಲ್ಲಿನ ಬೆಲ್ಲು ಬಾರಿಸುತ್ತಾ ಹೋದರು.

ಸ್ವಲ್ಪ ಹೊತ್ತಿನ ಮೇಲೆ ಅಕ್ಕ ತಲೆ ತಿರುಗಿಸಿದಳು. ಮೊದಲ ಸಲ ತನ್ನ ಕಾಲನ್ನು ನೋಡಿದಳು.

"ಇಷ್ಟೇನಾ?" ಎಂದಳು. "ನಾನು ಇನ್ನೂ ಕುಂಬಳಕಾಯಿ ಥರ ಇದೆ ಅಂದ್ಕೊಂಡಿದ್ದೆ."

"ಬದನೆಕಾಯಿ ಥರ ಇದೆ," ಎಂದಳು ಬಟನ್. ಇಬ್ಬರೂ ನಕ್ಕರು, ಸ್ವಲ್ಪವೇ.

ಅಮ್ಮ ಬರುವ ಹೊತ್ತಿಗೆ ಅಕ್ಕ ಕಿಟಕಿಯಿಂದ ಮೂಲೆಯ ಆಂಟಿಯವರೆಗೆ ಗೋಡೆ ಹಿಡಿದು ನಡೆದಿದ್ದಳು. ಊರುಗೋಲು ಕುರ್ಚಿಗೆ ಒರಗಿತ್ತು. ಅಮ್ಮ ಬಾಗಿಲಲ್ಲೇ ನಿಂತು ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡಳು. ಬೆರಳಿನ ಸುದ್ದಿ ಯಾರೂ ಎತ್ತಲಿಲ್ಲ.

ಪರೀಕ್ಷೆಗೆ ಮುಂಚಿನ ಭಾನುವಾರ ಅಕ್ಕ ಹೊರಟಳು. ಅಮ್ಮ ಬ್ಯಾಗು ಹೊತ್ತು ಮೊದಲೇ ಕೆಳಗಿಳಿದು ಗಾಡಿಯ ಹತ್ತಿರ ನಿಂತಿದ್ದಳು. "ಬಟನ್, ಅಕ್ಕನ್ನ ಹಿಡ್ಕೊಂಡು ಇಳಿಸೇ," ಎಂದು ಕೆಳಗಿನಿಂದ ಕೂಗಿದಳು.

ಅಕ್ಕ ಮೊದಲ ಮೆಟ್ಟಿಲ ಅಂಚಿನಲ್ಲಿ ನಿಂತಳು. ಕಂಬಿಯನ್ನು ಬಿಗಿಯಾಗಿ ಹಿಡಿದಳು. ಅವಳ ಕಿವಿ ಕೆಂಪಾಗಿತ್ತು. ಬಟನ್ ಅವಳ ರಟ್ಟೆ ಹಿಡಿಯಲು ಕೈ ಚಾಚಿದಳು.

"ಬೇಡ," ಎಂದಳು ಅಕ್ಕ ಮೆಲ್ಲಗೆ. "ಅಲ್ಲಿ ನೀನಿರಲ್ಲ."

ಬಟನ್ ಕೈ ಹಿಂದೆ ತೆಗೆದುಕೊಂಡಳು. ಆದರೆ ಪೂರ್ತಿ ಇಳಿಸಲಿಲ್ಲ.

ಅಕ್ಕ ಒಂದು ಮೆಟ್ಟಿಲು ಇಳಿದಳು. ನಿಂತಳು. ಇನ್ನೊಂದು ಇಳಿದಳು. ತಿರುವಿನಲ್ಲಿ ಕಾಲು ಸ್ವಲ್ಪ ನಡುಗಿತು.

"ಇದೀಯಾ?" ಎಂದಳು, ಹಿಂದೆ ತಿರುಗದೆ.

"ಇದೀನಿ."

ಬಟನ್‌ನ ಕೈ ಅಕ್ಕನ ಬೆನ್ನ ಹಿಂದೆಯೇ ಇಳಿಯುತ್ತಿತ್ತು. ಎಲ್ಲೂ ಮುಟ್ಟಲಿಲ್ಲ. ನಡುವೆ ಒಂದು ಬೆರಳಿನಷ್ಟು ಜಾಗ ಬಿಟ್ಟಿದ್ದಳು.